ಏಕಾಂತಪ್ಪನ ಮೊಣಕಾಲು

“ಆ ಎರಡು ಶಬ್ದದ ಅರ್ಥ ಹೇಳ್ರಿ, ಸಾಕು,” ಎಂದು ನಾನು ಮೂರನೆಯ ಸಲ ಕೇಳಿದಾಗ ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

“ರಿಗರ್ ಮಾರ್ಟಿಸ್. ಹೆಣ ಸೆಟೆದುಕೊಳ್ಳುವುದು. ಇಪ್ಪತ್ತೆಂಟು ವರ್ಷ ಪೊಲೀಸ್ ಸ್ಟೇಷನ್ನಿನಲ್ಲಿ ರೈಟರಾಗಿದ್ದಿರಿ. ಇಷ್ಟು ಗೊತ್ತಿಲ್ಲವೆ, ಪೆದ್ದಣ್ಣಗಾರೂ?”

ಗೊತ್ತಿತ್ತು. ಆ ಎರಡು ಶಬ್ದಗಳನ್ನು ಪಂಚನಾಮೆಗಳಲ್ಲಿ ನಾನೇ ನೂರಾರು ಸಲ ಗೀಚಿದ್ದೇನೆ. ಗೀಚುವಾಗ ಒಮ್ಮೆಯೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಈ ಡಾಕ್ಟರ ಪೋಸ್ಟ್‌ಮಾರ್ಟಂ ರಿಪೋರ್ಟಿನಿಂದ ಅವೇ ಎರಡು ಶಬ್ದಗಳು ಮಾರೆಣ್ಣನ ಕೊರಳಿಗೆ ಬಿದ್ದಿದ್ದವು.

ಹತ್ತಿ ಬಿಡಿಸುವ ಜಿನ್ನಿನ ಧಣಿ ಏಕಾಂತಪ್ಪನನ್ನು ಕೊರಳು ಹಿಸುಕಿ ಕೊಂದನೆಂದು ಮಾರೆಣ್ಣನನ್ನು ಹಿಡಿದು ಮೂರು ತಿಂಗಳಾಗಿತ್ತು. ಸೋಮವಾರ ಕರ್ನೂಲಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ. ಅವತ್ತು ಶನಿವಾರ, ಬೆಳಗಿನ ಹತ್ತು ಗಂಟೆ. ಮಾರೆಣ್ಣನ ಪರ ನಿಂತ ನಮ್ಮ ವಕೀಲರು ಕೈಚೆಲ್ಲಿ ಕೂತಿದ್ದರು. ರಿಟೈರಾದ ಮೇಲೆ ಅವರ ಬಳಿ ಕಾಗದ ಬರೆದುಕೊಂಡಿರುವ ನನಗೆ ಮಾತ್ರ ಸುಮ್ಮನೆ ಕೂರಲು ಆಗಲಿಲ್ಲ. ಇದು ನನ್ನ ಹಳೇ ರೋಗ.

“ಬಿಡಿಸಿ ಹೇಳ್ರಿ ಡಾಕ್ಟರೇ. ನನಗ ಹೇಳಿದಂಗಲ್ಲ, ಜಡ್ಜಿಗೆ ಹೇಳಿದಂಗ.”

ಡಾಕ್ಟರು ಗುಂಟೂರು ಕಡೆಯ ಹುಡುಗ. ಆದವಾನಿಗೆ ಬಂದು ಎರಡು ವರ್ಷ. ಪುಸ್ತಕ ಓದಿ ಕಲಿತಂಥ ಕನ್ನಡ, ಮೈಯೆಲ್ಲ ಪ್ರಾಮಾಣಿಕತೆ. ಅಂಥವರ ತಪ್ಪನ್ನು ತಿದ್ದುವುದು ಬಹಳ ಕಷ್ಟ.

“ಸತ್ತ ಕೂಡಲೇ ಮೈ ಮೆತ್ತಗಿರುತ್ತದೆ. ಮೂರು ನಾಲ್ಕು ಗಂಟೆ ಕಳೆದ ಮೇಲೆ ದವಡೆ ಬಿಗಿಯುತ್ತದೆ, ಕುತ್ತಿಗೆ ಬಿಗಿಯುತ್ತದೆ. ಆಮೇಲೆ ತೋಳು. ಕೊನೆಗೆ ಕಾಲು. ಹತ್ತು ಹನ್ನೆರಡು ಗಂಟೆಯಾದರೆ ಇಡೀ ಮೈ ಮರದ ಹಾಗೆ. ನಾನು ಏಕಾಂತಪ್ಪನವರ ದೇಹ ನೋಡಿದ್ದು ಅವತ್ತು ಬೆಳಿಗ್ಗೆ ಹನ್ನೊಂದೂವರೆಗೆ. ದವಡೆ, ಕುತ್ತಿಗೆ ಬಿಗಿದಿದ್ದವು. ಕೈಕಾಲು ಮೆತ್ತಗಿದ್ದವು. ಅಂದರೆ ಸೆಟೆತ ಆಗತಾನೆ ಶುರುವಾಗಿತ್ತು. ಸತ್ತದ್ದು ಬೆಳಿಗ್ಗೆ ಏಳರಿಂದ ಎಂಟರೊಳಗೆ.”

ಏಳು ದಾಟಿದ ಮೇಲೆ ಮಾರೆಣ್ಣ ಆ ಮನೆಯ ಪಡಸಾಲೆಯಿಂದ ಇಳಿದು ಹೋದದ್ದನ್ನು ಮೊಸರು ಮಾರುವ ಉಚ್ಚಮ್ಮ ನೋಡಿದ್ದಾಳೆ. ವಾರದ ಹಿಂದೆ ಅವನು ಜಿನ್ನಿನ ಗೇಟಿನ ಮುಂದೆ ನಿಂತು ಧಣಿಯ ಕೊರಳು ಮುರಿಯುತ್ತೇನೆಂದು ಕೂಗಾಡಿದ್ದನ್ನು ನೂರು ಜನ ಕೇಳಿದ್ದಾರೆ. ಅವನ ಅಪ್ಪ ಮೂಕಪ್ಪನ ಬಲಗೈ ಜಿನ್ನಿನ ಯಂತ್ರದ ಹಲ್ಲಿಗೆ ಸಿಕ್ಕು ಮೊಣಕೈವರೆಗೆ ಹೋಗಿತ್ತು. ಧಣಿ ಆ ಮುದುಕನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದ.

“ಬೆಳಿಗ್ಗೆ ಹೋಗಿ ಕಿಟಕ್ಯಾಗ ಕರದೆ. ಧಣಿ ಗೋಡಿ ಕಡೆ ಮುಖ ಮಾಡಿ ಮಲಗಿದ್ರು. ಮಾತಾಡಲಿಲ್ಲ, ವಾಪಸ್ ಬಂದೆ,” ಎಂದು ಮಾರೆಣ್ಣ ಹೇಳುತ್ತಾನೆ. ಕೇಳಿದವರೆಲ್ಲ ನಕ್ಕರು. ನಾನೂ ನಕ್ಕಿದ್ದೆ.

“ಸೆಟೆತ ಬಂದು ಹೋಗಿದ್ರ, ಡಾಕ್ಟರೇ?”

“ಹೋಗುವುದೂ ದವಡೆಯಿಂದಲೇ ಶುರು. ದವಡೆಯಲ್ಲಿ ಉಳಿದು ಕಾಲಲ್ಲಿ ಹೋಗುವುದಿಲ್ಲ.”

“ಯಾವ ಹೆಣದಾಗೂ ಹೋಗೂದಿಲ್ಲೇನ್ರಿ?”

ಅವರು ಸ್ವಲ್ಪ ಯೋಚಿಸಿದರು. “ಯಾರಾದರೂ ಬಲವಂತವಾಗಿ ಮಡಚಿದರೆ ಹೋಗುತ್ತದೆ. ಒಮ್ಮೆ ಮುರಿದ ಸೆಟೆತ ಮತ್ತೆ ಬರುವುದಿಲ್ಲ. ಆದರೆ ಸತ್ತವರ ಕಾಲನ್ನು ಹಿಡಿದು ಮಡಚುವವರು ಯಾರು?”

ನಾನು ಅವರ ಮುಖವನ್ನೇ ನೋಡಿದೆ. ಆ ಹುಡುಗನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವರ ಊರಿನಲ್ಲಿ ಹೆಣವನ್ನು ಮಲಗಿಸಿ ಒಯ್ಯುತ್ತಾರೆ, ಮಲಗಿಸಿ ಸುಡುತ್ತಾರೆ. ಇಲ್ಲಿ ಏಕಾಂತಪ್ಪನಂಥವರ ಮನೆಯಲ್ಲಿ ಸತ್ತವರನ್ನು ಕೂಡಿಸುತ್ತಾರೆ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ಬಿಳೀ ಬಟ್ಟೆಯಿಂದ ಗೂಟಕ್ಕೆ ಬಿಗಿದು, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಏಕಾಂತಪ್ಪನನ್ನೂ ಅವತ್ತು ಕೂಡಿಸಿದ್ದರು. ಕೊರಳಿಗೆ ವಿಭೂತಿ ಹಚ್ಚುವಾಗ ಬೆರಳಿನ ಗುರುತು ಮಗನ ಕಣ್ಣಿಗೆ ಬಿತ್ತು. ಪೊಲೀಸರು ಬಂದು, ಕಟ್ಟು ಬಿಚ್ಚಿ, ಬಂಡಿಯಲ್ಲಿ ಮಲಗಿಸಿ ಡಾಕ್ಟರ ಬಳಿ ತಂದರು. ಡಾಕ್ಟರು ಕಂಡದ್ದು ಮಲಗಿದ ಹೆಣವನ್ನು.

ಊರಿಗೆಲ್ಲ ಗೊತ್ತಿದ್ದ ಸಂಗತಿ. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಅವರಿಗೆ ಹೇಳಿರಲಿಲ್ಲ.

“ನಿಮ್ಮ ರಿಪೋರ್ಟಿನ ಕೊನೇ ಸಾಲು ಓದ್ರಿ,” ಎಂದೆ.

ಅವರು ಓದಿದರು. ಬಲ ಮೊಣಕಾಲಿನ ಹಿಂದೆ ಸ್ನಾಯು ಹರಿದಿದೆ. ಸತ್ತ ಮೇಲೆ ಆದದ್ದು. “ಬಂಡಿಯ ಕುಲುಕಾಟಕ್ಕೆ ಆಗಿರಬೇಕು ಎಂದುಕೊಂಡೆ.”

ನಾನು ಕೂಡಿಸುವ ಪದ್ಧತಿಯನ್ನು ಹೇಳಿದೆ. ಡಾಕ್ಟರು ನಡುನಡುವೆ ಎರಡು ಸಲ “ಅಯ್ಯೋ ದೇವುಡಾ” ಅಂದರು. ಆಮೇಲೆ ಎದ್ದು ಕಿಟಕಿಯ ಬಳಿ ನಿಂತರು.

“ಮೆತ್ತಗಿದ್ದಾಗಲೇ ಕೂಡಿಸಿದರೆ ಏನೂ ಮುರಿಯುವುದಿಲ್ಲ. ಸೆಟೆದ ಮೇಲೆ ಕೂಡಿಸಿದರೆ ಮಾತ್ರ ಹೀಗೆ ಹರಿಯುತ್ತದೆ. ಹಾಗಾಗಿದ್ದರೆ, ಹನ್ನೆರಡು ಗಂಟೆ ಹಿಂದಕ್ಕೆ ಎಣಿಸಿ, ಸಾವು ಹಿಂದಿನ ರಾತ್ರಿಯದು. ಎಂಟು ಒಂಬತ್ತರ ಸುಮಾರು.”

ಹಿಂದಿನ ರಾತ್ರಿ ಮಾರೆಣ್ಣ ಪೆದ್ದಹರಿವಾಣವೆಂಬ ಹಳ್ಳಿಯಲ್ಲಿದ್ದ. ಅಣ್ಣನ ಮಗಳಿಗೆ ಗಂಡಿನವರು ಎಲೆಯಡಿಕೆ ಕೊಟ್ಟ ದಿನ. ನಲವತ್ತು ಜನಕ್ಕೆ ಬಡಿಸಿದ್ದೇ ಅವನು. ಬೆಳಗಿನ ಮೊದಲ ಬಸ್ಸಿಗೆ ಆದವಾನಿಗೆ ಬಂದಿದ್ದ.

ನಾನೂ ಎದ್ದು ಅವರ ಪಕ್ಕ ನಿಂತೆ. “ಹಂಗಾರ ಸೋಮವಾರ ಕೋರ್ಟಿನ್ಯಾಗ ಹೇಳ್ತೀರಲ್ಲ?”

“ಮುರಿದವರು ಬಂದು ನಾನು ಮುರಿದೆ ಎಂದು ಹೇಳಲಿ. ನನ್ನ ಅಭಿಪ್ರಾಯ ಅಲ್ಲೇ ಬದಲಾಯಿಸುತ್ತೇನೆ. ಅವರಿಲ್ಲದೆ ನಾನು ಹೇಗೆ ಹೇಳಲಿ? ಊಹೆಯನ್ನು ಕೋರ್ಟಿನಲ್ಲಿ ಹೇಳಬಾರದು, ಪೆದ್ದಣ್ಣಗಾರೂ.”

ಬಿಸಿಲು ಏರಿತ್ತು. ಹತ್ತಿ ಬಂಡಿಗಳ ಸಾಲು ದಾಟಿಕೊಂಡು, ಮೂಗಿಗೆ ಹತ್ತಿಯ ದೂಳು ಏರಿಸಿಕೊಂಡು, ನಾನು ಮಠದ ಕಡೆ ನಡೆದೆ. ಏಕಾಂತಪ್ಪನನ್ನು ಕೂಡಿಸಿದವರು ಮಠದ ಅಯ್ಯನವರು ರೇವಣಸಿದ್ದಯ್ಯ. ಈ ಪೇಟೆಯಲ್ಲಿ ಏಕಾಂತಪ್ಪನ ಸಮಾಜದ ಯಾರು ಸತ್ತರೂ ಕರೆ ಹೋಗುವುದು ಅವರಿಗೇ. ಅರವತ್ತು ದಾಟಿದ್ದರೂ ಗಟ್ಟಿ ಆಳು. ಹೆಣ ಎತ್ತಿ ಎತ್ತಿ ಭುಜ ಅಗಲವಾಗಿದೆ.

ದಾರಿಯುದ್ದಕ್ಕೂ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮಾರೆಣ್ಣನ ಹೆಂಡತಿ ಉರುಕುಂದಮ್ಮ ಅದೇ ಮನೆಯಲ್ಲಿ ಕಸಮುಸುರೆ, ಎಮ್ಮೆಗಳ ಕೆಲಸ ಮಾಡುತ್ತಿದ್ದಳು. ಆ ಬೆಳಿಗ್ಗೆಯ ಸುದ್ದಿ ಹೇಳುವಾಗ ಒಮ್ಮೆ ಅಂದಿದ್ದಳು: “ಮೂರು ಹಂಡೆ ನೀರು ಕಾಯಿಸಿದೆನಪ್ಪಾ, ಕೈ ಸೋತುಹೋತು.” ಒಂದು ಹೆಣದ ಮೈ ತೊಳೆಯಲು ಮೂರು ಹಂಡೆ ಬಿಸಿನೀರು ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ. ಮೂರು ತಿಂಗಳು ಹೊಳೆಯಲಿಲ್ಲ. ಇಂಥ ತಲೆ ಇಟ್ಟುಕೊಂಡು ನಾನು ಪತ್ತೆ ಮಾಡಲು ಹೊರಟವನು.

ಮಠದ ಪಡಸಾಲೆ ತಂಪಾಗಿತ್ತು. ರೇವಣಸಿದ್ದಯ್ಯ ವಿಭೂತಿ ಗಟ್ಟಿಗಳನ್ನು ಬಟ್ಟೆಯ ಮೇಲೆ ಹರವುತ್ತಿದ್ದರು. ಅವರ ತಲೆಯ ಮೇಲೆ ಗೋಡೆಗೆ ಒಂದು ಹಲಗೆ, ಹಲಗೆಗೆ ಮೊಳೆಗಳ ಸಾಲು, ಪ್ರತಿ ಮೊಳೆಗೂ ಒಂದೊಂದು ಕೀಲಿ. ಗುರುತಿಗೆಂದು ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಳದಿ, ಒಂದಕ್ಕೆ ತಾಯಿತದ ಕರೀ ದಾರ. ಊರಿಗೆ ಹೋಗುವ ಮನೆಯವರು ತಮ್ಮ ಕೀಲಿಯನ್ನು ಅಲ್ಲಿ ಕೊಟ್ಟು ಹೋಗುತ್ತಾರೆ. ನೋಡಿ ನನಗೆ ಸಂತೋಷವಾಯಿತು. ಇಂಥ ಮನುಷ್ಯ ಸಾಕ್ಷಿ ಹೇಳಿದರೆ ಯಾವ ಜಡ್ಜಿ ನಂಬುವುದಿಲ್ಲ?

“ಶರಣು, ಅಯ್ಯನೋರೇ.”

“ಶರಣು ಬಾ ರೈಟರಪ್ಪ. ಕೂಡು. ಮಜ್ಜಿಗಿ ಕುಡೀತೀಯೇನು?”

“ಮಜ್ಜಿಗಿ ಆಮ್ಯಾಲ. ಏಕಾಂತಪ್ಪನೋರ್ನ ಕೂಡಿಸಿದ್ದು ನೀವೇ ಹೌದಲ್ರಿ?”

“ನಾನೇ. ಪೊಲೀಸರ ಮುಂದೂ ಹೇಳೀನಿ.”

“ಕೂಡಿಸೂವಾಗ ಮೈ ಮೆತ್ತಗಿತ್ತೋ, ಸೆಟೆದಿತ್ತೋ?”

ವಿಭೂತಿ ಹರವುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಮತ್ತೆ ಹರವಿತು.

“ಕೂಡಿಸಿದ್ವಿ ಅಷ್ಟ. ಅದನ್ನೆಲ್ಲ ಯಾರು ನೋಡ್ತಾರ?”

“ನೀವು ನೋಡ್ತೀರಿ. ಮುಟ್ಟಿದ ಕೈ ನಿಮ್ದು.”

“ರೈಟರಪ್ಪ, ಸತ್ತೋರ ಮೈಯಿನ ಮಾತು ಹೊರಗ ಆಡಬಾರದು. ನಮ್ಮಪ್ಪನಿಂದ ಬಂದ ನಡಾವಳಿ ಅದು.”

“ಜೀವ ಇರೋ ಮೈಯಿನ ಮಾತು ಆಡೂಣ. ಸೋಮವಾರ ಮಾರೆಣ್ಣನ ಇಚಾರಣಿ ಐತಿ. ಅವನ ಮೈ ಇನ್ನಾ ಬೆಚ್ಚಗೈತಿ.”

ಅವರು ಇನ್ನೊಂದು ಗಟ್ಟಿಯನ್ನು ಕೈಗೆತ್ತಿಕೊಂಡರು. ನಾನು ಬಿಡಲಿಲ್ಲ.

“ಮೂರು ಹಂಡೆ ಬಿಸಿನೀರು ಯಾಕ ತರಿಸಿದ್ರಿ?”

“ಸ್ನಾನಕ್ಕ.”

“ಸ್ನಾನಕ್ಕ ಒಂದು ಸಾಕು. ಡಾಕ್ಟರು ಬರದಾರ, ಬಲ ಮೊಣಕಾಲಿನ ಹಿಂದ ನರ ಹರದೈತಿ ಅಂತ. ನೀರು ಹೊಯ್ದು, ತಿಕ್ಕಿ, ಬಗ್ಗದೇ ಇದ್ದಾಗ ಒತ್ತೀರಿ. ಹೌದೋ ಅಲ್ಲೋ?”

“ಪೆದ್ದಣ್ಣ…”

“ಹೌದೋ ಅಲ್ಲೋ ಹೇಳ್ರಿ. ನನಗಲ್ಲ, ಅವನ ಅಪ್ಪ ಮೂಕಪ್ಪಗ ಹೇಳ್ರಿ. ಒಂದು ಕೈ ಜಿನ್ನಿಗೆ ಕೊಟ್ಟಾನ. ಮಗನ್ನ ನೇಣಿಗೆ ಕೊಡಬೇಕಾ?”

ರೇವಣಸಿದ್ದಯ್ಯ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡರು. ಬೂದಿಯಿಂದ ಬೆಳ್ಳಗಾಗಿದ್ದವು.

“ಕಟ್ಟಿಗಿ ಆಗಿದ್ದ,” ಎಂದರು ಮೆಲ್ಲಗೆ. “ಎಂಟೂವರಿಗೆ ನಾನು ಹೋದಾಗ ಕಟ್ಟಿಗಿ ಆಗಿದ್ದ. ಹರಳೆಣ್ಣಿ ಹಚ್ಚಿದೆ, ನೀರು ಹೊಯ್ದೆ. ತೋಳು ಬಗ್ಗಿದವು, ಎಡಗಾಲು ಬಗ್ಗಿತು. ಬಲಗಾಲು ಬಗ್ಗಲಿಲ್ಲ. ಮೊಣಕಾಲಿಂದ ಒತ್ತಿದೆ. ಆ ಸದ್ದು ಇನ್ನಾ ಕಿವ್ಯಾಗೈತಿ.”

“ಬಾಯಿ?”

“ಬಾಯಿ ತೆಗೀಲಿಲ್ಲ. ಪಾದೋದಕ ಒಳಗ ಹೋಗಲಿಲ್ಲ, ತುಟಿ ಮ್ಯಾಲ ಹಚ್ಚಿ ಬಿಟ್ಟೆ.”

ಅದಕ್ಕೇ ದವಡೆ ಬಿಗಿಯಾಗಿ ಉಳಿದಿತ್ತು. ಮುರಿದ ಕಡೆ ಸೆಟೆತ ಹೋಗಿತ್ತು, ಮುರಿಯದ ಕಡೆ ಉಳಿದಿತ್ತು. ಡಾಕ್ಟರು ಅದನ್ನೇ ಶುರು ಎಂದುಕೊಂಡರು. ನನಗೆ ಅಲ್ಲೇ ಎದ್ದು ಕುಣಿಯಬೇಕೆನಿಸಿತು.

“ಯಾಕ ಮುಚ್ಚಿಟ್ರಿ?”

“ಸೊಸಿ ಅಕ್ಕನಾಗಮ್ಮ ಕಾಲಿಗೆ ಬಿದ್ದಳು. ಗಂಡ ಹೆಂಡ್ತಿ ಇಬ್ಬರೂ ರಾಯಚೂರಿಗೆ ತೊಟ್ಟಿಲ ಶಾಸ್ತ್ರಕ್ಕ ಹೋಗಿದ್ರು, ಬೆಳಗಿನ ರೈಲಿಗೆ ಬಂದು ನೋಡ್ಯಾರ. ಮಾವ ಒಬ್ಬನೇ ಸತ್ತು, ಕೊನಿಗೆ ಬಾಯಿಗೆ ತೀರ್ಥ ಬಿಡೋರಿಲ್ಲದಂಗ ಬಿದ್ದು ಸೆಟೆದ ಅಂತ ನಾಕು ಮಂದಿಗೆ ಗೊತ್ತಾದ್ರ ಆ ಮನಿಗೆ ಮುಖ ಐತೇನು? ಬೆಳಿಗ್ಗೆ ಈಗರ ಹೋದ್ರು ಅಂತ ಹೇಳ್ರಿ ಅಂದಳು. ಕೊರಳಾಗಿನ ಗುರುತು ಆಗ ಇನ್ನಾ ಯಾರೂ ನೋಡಿದ್ದಿಲ್ಲ. ಮುಪ್ಪಿನ ಸಾವು ಅಂತ ಮಾತು ಕೊಟ್ಟೆ. ಕೊಟ್ಟ ಮ್ಯಾಲ ಪೊಲೀಸರು ಬಂದ್ರು.”

ನಾಚಿಕೆಗೆ ಹೇಳಿದ ಸುಳ್ಳು. ಮೂರು ತಿಂಗಳು ಒಬ್ಬ ಬಡವನನ್ನು ಜೈಲಿನಲ್ಲಿ ಕೊಳೆಸಿದ್ದು ಇಷ್ಟೇ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಾಕ್ಷಿಯ ಮೇಲೆ ಸಿಟ್ಟು ಮಾಡಬಾರದೆಂದು ಇಪ್ಪತ್ತೆಂಟು ವರ್ಷದಲ್ಲಿ ಕಲಿತಿದ್ದೆ.

“ಕೋರ್ಟಿನ್ಯಾಗ ಹೇಳ್ತೀರಾ?”

“ಹೇಳತೀನಿ,” ಎಂದರು. ಇಷ್ಟು ಬೇಗ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. “ನಾಳಿ ಮಧ್ಯಾಹ್ನದ ಬಸ್ಸಿಗೆ ನಿನ್ನ ಕೂಡ ಬರ್ತೀನಿ. ಆದರ ಪೆದ್ದಣ್ಣ, ಒಂದು ಕೇಳಲೇನು?”

“ಕೇಳ್ರಿ.”

“ಸತ್ತದ್ದು ರಾತ್ರಿ ಎಂಟು ಒಂಬತ್ತಕ್ಕ ಅಂತ ನಾ ಹೇಳಿದಂಗ ಆತು. ಮಾರೆಣ್ಣ ಹೊರಗ ಬರ್ತಾನ. ಛಲೋ. ಆ ಹೊತ್ತಿನ್ಯಾಗ ಆ ಮನ್ಯಾಗ ಯಾರಿದ್ರು?”

ನಾನು ಆ ಮನೆಯವರನ್ನೆಲ್ಲ ಬೆರಳಲ್ಲಿ ಎಣಿಸತೊಡಗಿದೆ.

“ಉರುಕುಂದಮ್ಮ ಇದ್ದಳು,” ಎಂದು ಅವರೇ ಹೇಳಿದರು. “ಎಂಟೂವರಿಗೆ ಗೇಟಿಗೆ ಹೊರಗಿನಿಂದ ಬೀಗ ಹಾಕಿ, ಕೀಲಿ ಸೆರಗಿಗೆ ಕಟ್ಟಿಕೊಂಡು ಹೋಗೀನಿ, ಬೆಳಿಗ್ಗೆ ಆರಕ್ಕ ನಾನೇ ತೆಗದೀನಿ ಅಂತ ಆಕಿ ಮ್ಯಾಜಿಸ್ಟ್ರೇಟರ ಮುಂದ ಹೇಳಿದ ಕಾಗದ ಐತೆಲ್ಲ? ಊರೆಲ್ಲ ಕೇಳೈತಿ. ಬೀಗದ ಒಳಗ ಮುದುಕ ಒಬ್ಬನೇ. ಹೊರಗ ಕೀಲಿ ಆಕಿ ಹತ್ರ. ಇನ್ನ ಯಾರು ಬರಬೇಕು?”

ಮಜ್ಜಿಗೆ ಬಂತು. ನಾನು ಕುಡಿಯಲಿಲ್ಲ.

ಆ ಕಾಗದವನ್ನು ನಾನು ಬಲ್ಲೆ. ಅದರ ಒಂದೊಂದು ಅಕ್ಷರವೂ ನನ್ನದೇ. ಮಾರೆಣ್ಣ ರಾತ್ರಿಯೇ ಬಂದು ಹತ್ತಿಯ ಕೋಣೆಯಲ್ಲಿ ಅಡಗಿದ್ದನೆಂದು ಪೊಲೀಸರು ಶುರುವಿಗೆ ಒಂದು ಕತೆ ಕಟ್ಟಿದ್ದರು. ಅದನ್ನು ಒಡೆಯಲೆಂದು ನಾನು ಉರುಕುಂದಮ್ಮನನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ಗೇಟಿಗೆ ಬೀಗ ಹಾಕಿದ್ದಿ, ಹೌದಲ್ಲ? ಕೀಲಿ ನಿನ್ನ ಬಳಿಯೇ ಇತ್ತು, ಹೌದಲ್ಲ? ಒಂದು ನೊಣವೂ ಒಳಗೆ ಹೋಗುವಂತಿರಲಿಲ್ಲ, ಹೌದಲ್ಲ? ಅವಳು ತಲೆಯಾಡಿಸಿದ್ದಳು. ನಾನು ಬರೆದಿದ್ದೆ. ಬರೆದ ಮೇಲೆ ಮೀಸೆ ತಿರುವಿಕೊಂಡದ್ದೂ ನೆನಪಿದೆ.

ಗಂಡನನ್ನು ಉಳಿಸಲು ಕಟ್ಟಿದ ಗೋಡೆ. ಸಾವಿನ ಹೊತ್ತು ಬೆಳಗಿನಿಂದ ಹಿಂದಿನ ರಾತ್ರಿಗೆ ಸರಿದ ಕೂಡಲೇ ಹೆಂಡತಿಯ ಸುತ್ತ ಎದ್ದು ನಿಂತಿತ್ತು.

ಮಠದಿಂದ ನಾನು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ.

ಉರುಕುಂದಮ್ಮ ಈಗ ಬೇರೊಂದು ಜಿನ್ನಿನ ಅಂಗಳದಲ್ಲಿ ಹತ್ತಿ ಆರಿಸುತ್ತಿದ್ದಳು. ಸಂಜೆ ನಾಲ್ಕರ ಹೊತ್ತಿಗೆ ಹೋದೆ. ಹೆಂಗಸರ ಸಾಲಿನ ತುದಿಯಲ್ಲಿ ಕೂತು, ಕಾಯಿಯ ಚೂರು, ಎಲೆಯ ಚೂರು ಹೆಕ್ಕಿ ಎಸೆಯುತ್ತಿದ್ದಳು. ತಲೆಗೂದಲು, ಹುಬ್ಬು, ಎಲ್ಲಕ್ಕೂ ಹತ್ತಿಯ ಎಳೆ ಅಂಟಿತ್ತು. ಮೂವತ್ತರ ಹೆಂಗಸು ಮುದುಕಿಯಾಗಿ ಕಂಡಳು.

ನನ್ನನ್ನು ಕಂಡದ್ದೇ ಎದ್ದು ಬೇವಿನ ಮರದ ಕೆಳಗೆ ಬಂದಳು.

“ಏನರ ಸಿಕ್ತೇನಪ್ಪಾ, ರೈಟರಪ್ಪಾ?”

“ಸಿಕ್ತವ್ವಾ.”

ಹೇಳಿದೆ. ಮೊಣಕಾಲು, ಬಿಸಿನೀರು, ಅಯ್ಯನವರ ಮಾತು, ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಅರಳಿತು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಹಲ್ಲು ಕಂಡೆ. ಅದನ್ನು ನೋಡಲಾರದೆ ನಾನು ಮುಂದಿನದನ್ನು ನೆಲ ನೋಡಿಕೊಂಡು ಹೇಳಿದೆ. ನಿನ್ನ ಹೇಳಿಕೆ ಇದೆ. ಬೀಗ ಇದೆ. ಅವನು ಹೊರಗೆ ಬಂದರೆ ನಿನ್ನನ್ನು ಒಳಗೆ ಹಾಕುತ್ತಾರೆ.

ಅವಳು ಹುಬ್ಬಿಗೆ ಅಂಟಿದ ಎಳೆಯನ್ನು ಕಿತ್ತು ಎಸೆದಳು.

“ಆತ ಬರ್ತಾನಲ್ಲ?”

“ಆತ ಬರ್ತಾನ.”

“ಹಂಗಾರ ನನ್ನ ಹೆಸರು ಬರಕೋರಿ. ಮಾವನ ಒಂದು ಕೈ ಇಲ್ಲ. ಆತ ಇದ್ರ ಮನಿ ನಡೀತೈತಿ. ನಾ ಇದ್ರೇನು, ಹತ್ತಿ ಆರಿಸಾಕಿ.”

ನಾನು ಗದರಿದೆ. “ಹುಚ್ಚಿ, ಹೆಸರು ಬರಕೋ ಅಂದ್ರ ಏನು ಗೊತ್ತೈತೇನು? ನೀನು ಕೊಂದೀಯೇನು?”

“ನಾ ಯಾಕ ಕೊಲ್ಲಲಪ್ಪಾ? ರಾತ್ರಿ ನಾ ಹೊಂಡೂವಾಗ ಧಣಿ ಪಡಸಾಲ್ಯಾಗ ಕುಂತು ಕೆಮ್ಮತಿದ್ರು. ಬದುಕಿದ್ರು.”

“ಬೀಗ ಹಾಕಿದ ಮ್ಯಾಲ ಯಾರು ಒಳಗ ಬಂದಾರು ಮತ್ತ?”

ಅವಳು ಸೆರಗಿನ ಅಂಚನ್ನು ಹಿಡಿದು ತಿರುವತೊಡಗಿದಳು.

“ರೈಟರಪ್ಪಾ, ಬೈಬ್ಯಾಡ್ರಿ. ನಾ ಬೀಗ ಹಾಕಿದ್ದಿಲ್ಲ.”

ಸೆರಗನ್ನು ಬಿಡದೆ ಅವಳೇ ಮುಂದುವರಿಸಿದಳು.

“ದಿನಾ ಹಾಕ್ತಿದ್ದೆ. ಧಣಿಗೆ ದಮ್ಮು, ಎದ್ದು ಬಂದು ಹಾಕ್ಕೊಳ್ಳಾಕ ಆಗ್ತಿದ್ದಿಲ್ಲ. ಅವತ್ತು ಧಣೀನೇ ಅಂದ್ರು, ಬೀಗ ಬ್ಯಾಡ, ಚಿಲಕ ಅಷ್ಟ ಹಾಕಿ ಹೋಗು, ಒಬ್ಬರು ಬರೋದೈತಿ ಅಂತ. ಯಾರು ಅಂತ ನಾ ಕೇಳಲಿಲ್ಲ. ನಾವು ಕೇಳೂ ಮಾತೇನು ಅದು? ನೀವು ಬೀಗ ಹಾಕಿದ್ದಿ ಹೌದಲ್ಲ ಅಂದ್ರಿ. ಹೌದಂದ್ರ ಆತ ಉಳೀತಾನ ಅಂದ್ರಿ. ಹೌದಂದೆ. ಹೆಬ್ಬೆಟ್ಟು ಒತ್ತಿದೆ.”

ಅಂದಿದ್ದೆ. ಇದೇ ಬಾಯಿಂದ ಅಂದಿದ್ದೆ.

ಈಗ ಹೋಗಿ ಬೀಗ ಹಾಕಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಸಿಕ್ಕಿಬಿದ್ದ ಮೇಲೆ ಮಾತು ತಿರುವಿದಳು ಎನ್ನುತ್ತಾರೆ. ಪ್ರಮಾಣ ಮಾಡಿ ಸುಳ್ಳು ಹೇಳಿದವಳು ಎನ್ನುತ್ತಾರೆ. ಸುಮ್ಮನಿದ್ದರೆ ಗಂಡನಿಗೆ ನೇಣು, ನಿಜ ಹೇಳಿದರೆ ಹೆಂಡತಿಗೆ. ಎರಡರ ನಡುವೆ ದಾರಿ ಇದ್ದರೆ ಆ ಬಂದ ಒಬ್ಬರು ಯಾರೆಂದು ಕಂಡುಹಿಡಿಯುವುದೊಂದೇ. ಅದಕ್ಕೆ ಉಳಿದದ್ದು ಒಂದು ದಿನ.

“ಬೆಳಿಗ್ಗೆ ನೀ ಬಂದಾಗ ಗೇಟು ಹ್ಯಾಂಗಿತ್ತು? ಚಿಲಕ ತೆಗದಿತ್ತೇನು?”

“ಅದೇ ನನಗೂ ತಿಳೀವಲ್ದು,” ಎಂದಳು ಉರುಕುಂದಮ್ಮ. “ಬೀಗ ಬಿದ್ದಿತ್ತು.”

“ಏನಂದಿ?”

“ಬೀಗ ಬಿದ್ದಿತ್ತಪ್ಪಾ. ರಾತ್ರಿ ನಾ ಅದನ್ನ ಕೊಂಡ್ಯಾಗ ಬರೇ ತೂಗಹಾಕಿ ಹೋಗಿದ್ದೆ. ಬೆಳಿಗ್ಗೆ ನೋಡಿದ್ರ ಕೂಡೇತಿ. ನನ್ನ ಕೀಲಿಲೇ ತೆಗದು ಎಮ್ಮಿ ಕೆಲಸಕ್ಕ ಹೋದೆ. ಧಣೀನೇ ಎದ್ದು ಬಂದು ಹಾಕ್ಯಾರೇನೋ ಅಂದ್ಕೊಂಡೆ.”

ಹೊರಗಿನಿಂದ ಹಾಕುವ ಬೀಗವನ್ನು ಒಳಗಿದ್ದ ಮುದುಕ ಹಾಕಲಾರ. ಆ ಬೀಗವನ್ನು ನಾನು ನೋಡಿದ್ದೇನೆ. ಹಳೇ ಕಾಲದ್ದು, ಅಂಗೈ ಅಗಲ. ಒತ್ತಿದರೆ ಕೂಡುವ ಬೀಗ ಅಲ್ಲ, ಕೀಲಿ ತಿರುವಿದರೆ ಮಾತ್ರ ಕೂಡುತ್ತದೆ. ಬಂದವನು ಕೆಲಸ ಮುಗಿಸಿ, ಬೀಗ ತಿರುವಿ ಹೋಗಿದ್ದಾನೆ. ಉರುಕುಂದಮ್ಮನ ಕೀಲಿ ಅವಳ ಸೆರಗಿನಲ್ಲೇ ಇತ್ತು.

“ಆ ಬೀಗಕ್ಕ ಎಷ್ಟು ಕೀಲಿ ಅದಾವ?” ಎಂದು ಕೇಳಿದೆ.

“ಎರಡು. ಒಂದು ನನ್ನ ಹತ್ರ ಇರ್ತಿತ್ತು.”

“ಇನ್ನೊಂದು? ಮಗನ ಹತ್ರ ರಾಯಚೂರಿಗೆ ಹೋಗಿತ್ತೇನು?”

“ಇಲ್ಲಪ್ಪಾ. ಊರಿಗೆ ಹೋಗೂವಾಗ ಸಣ್ಣ ಧಣಿಯೋರು ಕೀಲಿ ಒಯ್ಯೂದಿಲ್ಲ. ಮುದುಕರು ಒಬ್ಬರೇ ಇರ್ತಾರ, ಏನರ ಆದ್ರ ಹೋಗಿ ನೋಡಾಕ ಬೇಕಂತ ಮಠದಾಗ ಕೊಟ್ಟು ಹೋಗ್ತಾರ. ಕೆಂಪು ದಾರ ಕಟ್ಟಿದ್ದು. ಅಯ್ಯನೋರ ತಲಿ ಮ್ಯಾಲೇ ಹಲಗಿಗೆ ಇರ್ತೈತೆಲ್ಲ, ನೀವ್ ನೋಡಿಲ್ಲೇನು?”

ನೋಡಿದ್ದೆ. ನೋಡಿ ಸಂತೋಷಪಟ್ಟಿದ್ದೆ.

ಆ ಹಲಗೆಯಿಂದ ಕೀಲಿಯನ್ನು ಬೇರೆ ಯಾರಾದರೂ ಒಯ್ದಿರಬಹುದು. ಮಠದ ಪಡಸಾಲೆಗೆ ಬಾಗಿಲಿಲ್ಲ, ನೂರು ಜನ ಬಂದು ಹೋಗುತ್ತಾರೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಣ್ಣ ಮುಂದೆ ಬರುತ್ತಿದ್ದದ್ದು ಬೂದಿ ಹತ್ತಿದ ಆ ಎರಡು ಅಗಲ ಅಂಗೈಗಳು. ಇಷ್ಟು ಬೇಗ ಒಪ್ಪಿದ್ದೇಕೆ? ಒಪ್ಪಿದ ಮರುಮಾತಿಗೇ ಉರುಕುಂದಮ್ಮನ ಹೆಸರು ಎತ್ತಿದ್ದೇಕೆ?

ಅವರು ಬಾರದಿದ್ದರೆ ಡಾಕ್ಟರು ಬಾಯಿ ಬಿಡುವುದಿಲ್ಲ, ಮಾರೆಣ್ಣ ಉಳಿಯುವುದಿಲ್ಲ. ಅವರು ಬಂದರೆ ಇವಳು ಉಳಿಯುವುದಿಲ್ಲ. ಅವರ ಮೇಲೆ ಬೆರಳು ಮಾಡಿದರೆ ಅವರು ಬರುವುದೇ ಇಲ್ಲ.

ಅಂಗಳದಲ್ಲಿ ಮೇಸ್ತ್ರಿ ಕೂಗಿದ. ಉರುಕುಂದಮ್ಮ ಹತ್ತಿಯ ಎಳೆಗಳನ್ನು ಮೈಯಿಂದ ಕೊಡವಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

“ಅಯ್ಯನೋರು ನಾಳಿ ನಿಮ್ಮ ಕೂಡ ಬಸ್ಸಿಗೆ ಬಂದೇ ಬರ್ತಾರಲ್ರಿ? ನಡುವ ಮಾತು ತಪ್ಪೂದಿಲ್ಲಲ್ಲ? ಅವರೊಬ್ಬರ ಮ್ಯಾಲೇ ಜೀವ ಇಟ್ಕೊಂಡೀನಪ್ಪಾ.”

“ಬರ್ತಾರವ್ವಾ,” ಎಂದೆ.